ಕಾಲೇಜಿನ ಹಿಂದಿನ ಗಾಳಿತೋಪು: ಕೋಡಿಬಾಗದ ವನಭೋಜನದ ಜಾಗದ ಚರಿತ್ರೆ

ಕೋಡಿಬಾಗದವ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ನೆನಪಿಗೆ ಹೊರತರಲಿರುವ ಸಂಚಿಕೆಯಲ್ಲಿ ಕಾರವಾರದ ಕೋಡಿಬಾಗದಲ್ಲಿ ಕಾಲೇಜಿನ ಹಿಂದಿರುವ ಗಾಳಿತೋಪಿನ (ಗಾಳಿಮರ ಎಂದರೆ ಸರ್ವೆ, ಕ್ಯಾಸುವರಿನಾ) ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ತಂಡವೂ ಕಾರ್ತಿಕದಲ್ಲೋ ಪರೀಕ್ಷೆಗೆ ಮುಂಚಿನ ಡಿಸೆಂಬರಿನಲ್ಲೋ ವನಭೋಜನ ಮಾಡಿದ ಜಾಗ ಅದು. ಆದುದರಿಂದ ನೆನಪುಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಚರಿತ್ರೆಗೆ. ಈವರೆಗೆ ನನ್ನ ಕೈಗೆ ಬಂದಿರುವ ಲೇಖನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಾಣುತ್ತಿವೆ: ಒಂದು, ಈ ತೋಪು ಅನಾದಿಕಾಲದಿಂದಲೂ ಇದ್ದ ಕಡಲತೀರದ ಕಾಡು, ಕಾಲೇಜಿಗಾಗಿ ಅದರ ಒಂದು ಭಾಗವನ್ನು ಕಡಿದರು ಎಂಬುದು. ಇನ್ನೊಂದು, ರವೀಂದ್ರನಾಥ ಟಾಗೋರರು ಕುಳಿತಿದ್ದು ಇವೇ ಮರಗಳ ಕೆಳಗೆ ಎಂಬುದು. ಅಚ್ಚಿಗೆ ಹೋಗುವ ಮುನ್ನ ಇವೆರಡನ್ನೂ ಒರೆಗೆ ಹಚ್ಚಬೇಕಾಗಿದೆ. ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಮಾಸ್ತರ್:

ಮೊದಲನೆಯ ಮಾತು ನಿಲ್ಲುವುದಿಲ್ಲ. ಗಾಳಿಮರ ನಮ್ಮ ದಂಡೆಯ ಮರವೇ ಅಲ್ಲ. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ, ಶಾಂತಸಾಗರದ ದ್ವೀಪಗಳು ಅದರ ತವರು. ನಮ್ಮ ದೇಶದ ಮಟ್ಟಿಗೆ ಅಂಡಮಾನಿನಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಕಾರವಾರದ ಕರಾವಳಿಯಲ್ಲಿ ಅದನ್ನು 1868ರಲ್ಲಿ ಉರುವಲಿಗಾಗಿ ನೆಟ್ಟರೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಭಾರತದ ಮುಖ್ಯಭೂಮಿಯಲ್ಲಿ ಈ ಮರದ ಕತೆ ಹೇಳಹೊರಟವರು ಬಹುತೇಕ ಕಾರವಾರದ ಹೆಸರಿನಿಂದಲೇ ಆರಂಭಿಸುತ್ತಾರೆ.

ಆ ಇಸವಿಯ ಆಚೀಚೆ ಇಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ನೋಡಿದರೆ ಉರುವಲಿನ ಅಗತ್ಯ ಏಕೆ ಬಂತೆಂಬುದೂ ಅರ್ಥವಾಗುತ್ತದೆ. 1862ರವರೆಗೆ ಉತ್ತರ ಕನ್ನಡ ಮದರಾಸು ಪ್ರಾಂತದಲ್ಲಿತ್ತು. ಆ ವರ್ಷ ಅದನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರವನ್ನು ಜಿಲ್ಲಾ ಕೇಂದ್ರವನ್ನಾಗಿ ಮಾಡಿದರು. ಅಮೆರಿಕದ ಅಂತರ್ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಸದಾಶಿವಗಡ ಕಾರವಾರಗಳ ಕಡೆಯಿಂದ ಹಡಗಿಗೆ ಏರಿಸಬೇಕೆಂಬ ಒತ್ತಾಯ ಇಂಗ್ಲೆಂಡಿನ ವ್ಯಾಪಾರಿಗಳಿಂದಲೇ ಬಂದಿತ್ತು. ಬಂದರು, ರಸ್ತೆ, ಕಚೇರಿ, ನ್ಯಾಯಾಲಯ, ಸಾಹೇಬರ ಬಂಗಲೆಗಳು, ಅವುಗಳ ಬೆನ್ನಿಗೇ ಹೊಸ ಪೇಟೆ, ಎಲ್ಲವೂ ಒಟ್ಟಿಗೆ ಏಳತೊಡಗಿದ ಊರಿಗೆ ಸೌದೆ ಬೇಕಾಗಿತ್ತು. ಬೇರೇನೂ ಫಸಲು ಕೊಡದ ಬರಿಯ ಮರಳಿನಲ್ಲಿ ವರ್ಷಕ್ಕೆ ಆಳೆತ್ತರ ಏರುವ, ಹಸಿಯಾಗಿದ್ದರೂ ಚೆನ್ನಾಗಿ ಉರಿಯುವ ಮರ ಇದೊಂದೇ ಆಗಿತ್ತು.

ಹತ್ತಿಯ ಕನಸು ಬೇಗನೆ ಮುಗಿಯಿತು. ಯುದ್ಧ ನಿಂತ ಮೇಲೆ ಬೆಲೆ ಕುಸಿಯಿತು, ರೈಲು ಕಾರವಾರಕ್ಕೆ ಬರುವ ಬದಲು ಘಟ್ಟದ ಮೇಲಿನಿಂದ ಗೋವೆಯ ಮುರ್ಮುಗೋವೆಗೆ ಇಳಿಯಿತು. ನಮ್ಮೂರಿಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಾಗಿ, ಅದೂ ಶಿರವಾಡಕ್ಕೆ. ಬಂದರಿನ ದೊಡ್ಡ ಲೆಕ್ಕಾಚಾರದಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷ ಉಳಿದದ್ದು ಸೌದೆಗೆಂದು ನೆಟ್ಟ ಈ ತೋಪು ಮಾತ್ರ ಎಂಬುದು ನನಗೆ ಸ್ವಲ್ಪ ನಗು ತರಿಸುತ್ತದೆ.

ಕಡವಾಡ ಸಾಲು:

ಮಾಸ್ತರರೇ, ಹಾಗಾದರೆ ಎರಡನೆಯ ಮಾತು ನಿಜವಾಗಬೇಕಲ್ಲವೇ? ಟಾಗೋರರು ಬಂದದ್ದು 1883ರಲ್ಲಿ. ಆ ಹೊತ್ತಿಗೆ ಮರಗಳು ಇದ್ದವು. ಅವರೇ ತಮ್ಮ ಆತ್ಮಕಥನದಲ್ಲಿ ಗಾಳಿಮರದ ತೋಪನ್ನು ಹೆಸರಿಸಿದ್ದಾರೆ.

ನಿವೃತ್ತ ಮಾಸ್ತರ್:

ತೋಪನ್ನು ಹೆಸರಿಸಿದ್ದಾರೆ, ನಿಜ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು ಅವರು. ಇಪ್ಪತ್ತೆರಡರ ಹರೆಯದ ಟಾಗೋರರು ಅಣ್ಣನ ಮನೆಗೆ ಬಂದು ಕೆಲಕಾಲ ಇದ್ದು, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಗುಡ್ಡಗಳು ಸುತ್ತುವರಿದ ಪುಟ್ಟ ಬಂದರು, ಅರ್ಧಚಂದ್ರದಂತೆ ಬಾಗಿದ ದಂಡೆ, ಅದರ ಅಂಚಿಗೆ ಗಾಳಿಮರಗಳ ಕಾಡು, ಒಂದು ತುದಿಯಲ್ಲಿ ಆ ಕಾಡನ್ನು ಕತ್ತರಿಸಿಕೊಂಡು ಕಡಲು ಸೇರುವ ಕಾಳಿ ಹೊಳೆ: ಅವರು ವರ್ಣಿಸಿರುವುದು ಹೀಗೆ. ಆ ಒಂದು ತುದಿಯೇ ನಮ್ಮ ಕೋಡಿಬಾಗ.

ಆದರೆ ‘ಇವೇ ಮರಗಳು’ ಎನ್ನುವಂತಿಲ್ಲ. ಗಾಳಿಮರ ಆಲದ ಹಾಗೆ ಶತಮಾನಗಟ್ಟಲೆ ಬಾಳುವ ಜಾತಿಯಲ್ಲ. ಹೆಚ್ಚೆಂದರೆ ನಲವತ್ತು ಐವತ್ತು ವರ್ಷಕ್ಕೆ ಒಳಗು ಟೊಳ್ಳಾಗಿ ಬೀಳುತ್ತದೆ. ಸೌದೆಗಾಗಿ ಬೆಳೆಸಿದ್ದನ್ನು ಅದಕ್ಕೂ ಎಷ್ಟೋ ಮುಂಚೆ ಕಡಿಯುತ್ತಾರೆ. ಟಾಗೋರರು ಕಂಡ ಮರಗಳಿಗೆ ಆಗ ಹೆಚ್ಚೆಂದರೆ ಹದಿನೈದು ವರ್ಷ. ಅವುಗಳ ನಂತರ ಕಡಿದು, ನೆಟ್ಟು, ಬಿದ್ದು, ಮತ್ತೆ ನೆಟ್ಟು ಹಲವು ತಲೆಮಾರುಗಳಾಗಿವೆ. ಆದುದರಿಂದ ಜಾಗ ಅದೇ, ಜಾತಿ ಅದೇ, ಮರಗಳು ಬೇರೆ ಎಂದು ಬರೆಯಿರಿ.

ನೀವು ವನಭೋಜನದ ಚರಿತ್ರೆ ಬರೆಯುತ್ತಿರುವುದರಿಂದ ಅದೇ ಆತ್ಮಕಥನದ ಇನ್ನೊಂದು ಪ್ರಸಂಗ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ಬೆಳದಿಂಗಳ ಸಂಜೆ ಅವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಮೇಲಿನ ಹಳೆಯ ಕೋಟೆಯೊಂದರ ಬುಡದಲ್ಲಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿದ ಅಂಗಳದಲ್ಲಿ ಕುಳಿತು, ತಾವು ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಉಂಡರು. ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟು ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ಈ ದಂಡೆಯ ಹೊರಸಂಚಾರದ ಊಟದ ಬಗ್ಗೆ ಲಿಖಿತವಾಗಿ ಸಿಗುವ ಹಳೆಯ ವರ್ಣನೆಗಳಲ್ಲಿ ಇದು ಒಂದು. ಗಮನಿಸಿ: ಅವರು ಉಂಡದ್ದು ಗಾಳಿತೋಪಿನಲ್ಲಿ ಅಲ್ಲ, ಹೊಳೆಯ ಮೇಲ್ಭಾಗದಲ್ಲಿ. ತೋಪು ಆಗಿನ್ನೂ ಸರಕಾರದ ಸೌದೆ, ಊಟಕ್ಕೆ ಕೂರುವ ಜಾಗವಲ್ಲ.

ಸದಾಶಿವಗಡದವಳು:

ಮಾಸ್ತರರು ಹೇಳಿದ ಕೋಟೆಯನ್ನು ಟಾಗೋರರು ಶಿವಾಜಿಯದೆಂದು ಬರೆದಿದ್ದಾರೆ, ಹೆಸರು ಹೇಳಿಲ್ಲ. ನಮ್ಮೂರಿನ ಗಡವೇ ಅದು ಎಂದು ನಾವು ಹೆಮ್ಮೆಪಟ್ಟುಕೊಳ್ಳುವುದುಂಟು. ಆದರೆ ನಮ್ಮ ಗಡವನ್ನು ಕಟ್ಟಿಸಿದವರು ಸೋದೆಯ ಅರಸರು. ಸಂಚಿಕೆಯಲ್ಲಿ ‘ಹಳೆಯ ಕೋಟೆ’ ಎಂದಷ್ಟೇ ಬರೆದರೆ ಯಾರಿಗೂ ಬೇಸರವಿಲ್ಲ.

ನನಗೆ ಗೊತ್ತಿರುವುದು 1980ರ ಆಚೀಚಿನ ಕಾಲ. ಆಗ ಕಾಳಿಗೆ ಸೇತುವೆ ಇರಲಿಲ್ಲ. ನಾವು ಸದಾಶಿವಗಡದ ಹುಡುಗಿಯರು ಫೆರಿಯಲ್ಲಿ ದಾಟಿ ಕೋಡಿಬಾಗದಲ್ಲಿ ಇಳಿದು ಕಾಲೇಜಿಗೆ ಬರುತ್ತಿದ್ದೆವು. ಫೆರಿ ತಪ್ಪಿದರೆ ಮುಂದಿನದು ಬರುವವರೆಗೆ ಕಾಯಲು ಇದ್ದ ನೆರಳು ಈ ತೋಪು ಒಂದೇ. ನನ್ನ ತಿಳಿವಳಿಕೆಯಲ್ಲಿ ತೋಪು ವಿದ್ಯಾರ್ಥಿಗಳ ಜಾಗವಾದದ್ದು ಹೀಗೆ: ವನಭೋಜನಕ್ಕೆಂದು ಯಾರೂ ಅದನ್ನು ಗೊತ್ತುಮಾಡಲಿಲ್ಲ, ಕಾಯುವವರು ಕುಳಿತುಕೊಂಡರು, ಕುಳಿತವರು ಬುತ್ತಿ ಬಿಚ್ಚಿದರು. ಸೇತುವೆಯಾದ ಮೇಲೆ ಕಾಯುವ ಅಗತ್ಯ ಹೋಯಿತು, ಕೂರುವ ಅಭ್ಯಾಸ ಉಳಿಯಿತು.

ವರ್ಷಕ್ಕೊಮ್ಮೆಯ ವನಭೋಜನದಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡುತ್ತಿದ್ದೆವು. ಒಣಗಿ ಉದುರಿದ ಗಾಳಿಮರದ ಸೂಜಿಎಲೆಗಳನ್ನು ಎರಡು ಬೊಗಸೆ ಒಟ್ಟಿ ಕಡ್ಡಿ ಗೀರಿದರೆ ಭಗ್ಗೆಂದು ಹೊತ್ತಿ, ಚೆಕ್ಕೆಗಳಿಗೆ ಬೆಂಕಿ ಹಿಡಿಯುವ ಮೊದಲೇ ಬೂದಿಯಾಗುತ್ತಿತ್ತು. ಆದ್ದರಿಂದ ಒಬ್ಬಳು ಒಲೆಯ ಮುಂದೆ ಕುಳಿತು ಎಲೆ ಒಡ್ಡುತ್ತಲೇ ಇರಬೇಕಾಗಿತ್ತು, ಆ ಕೆಲಸ ಯಾರಿಗೂ ಬೇಡವಾಗಿತ್ತು. ಗಾಳಿ ಪಡುವಣದಿಂದ ಬೀಸುವುದರಿಂದ ಊಟದ ಎಲೆಗಳನ್ನು ಮರದ ಬುಡಕ್ಕೆ ಒತ್ತಿ ಹಾಸಿದರೂ ಅನ್ನದಲ್ಲಿ ಮರಳು ಸಿಗುತ್ತಿತ್ತು. ಬರಿಗಾಲಿಗೆ ಚುಚ್ಚುವ ಆ ಪುಟ್ಟ ಮುಳ್ಳುಕಾಯಿಗಳನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಇನ್ನೊಂದು ಸಂಗತಿ. ಆಗ ರಂಪಣಿ ಪೂರ್ತಿ ನಿಂತಿರಲಿಲ್ಲ. ದಡದಿಂದ ದೋಣಿಯಲ್ಲಿ ಬಲೆಯನ್ನು ಅರ್ಧಸುತ್ತು ಬಿಟ್ಟು ಎರಡೂ ಕಡೆಯಿಂದ ಹತ್ತಾರು ಜನ ಎಳೆಯುವ ಆ ಕೆಲಸಕ್ಕೆ ವನಭೋಜನದ ಹುಡುಗರೂ ಕೈ ಹಾಕುತ್ತಿದ್ದರು, ಪ್ರತಿಯಾಗಿ ಒಂದಿಷ್ಟು ಬಂಗಡೆ ಸಿಗುತ್ತಿತ್ತು. 1970ರ ದಶಕದ ಕೊನೆಯ ಭಾಗದಿಂದ ಕಡಲಿನಲ್ಲಿಯೇ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ದೋಣಿಗಳು ಹೆಚ್ಚಾದ ಮೇಲೆ ಮೀನು ದಡದ ಹತ್ತಿರ ಬರುವುದೇ ಕಡಿಮೆಯಾಗಿ ರಂಪಣಿ ಸೊರಗಿತು. ಬಲೆ ಒಣಗಿಸುವ, ದೋಣಿ ಎಳೆದು ನಿಲ್ಲಿಸುವ ನೆರಳು ಕೂಡ ಈ ತೋಪೇ. ನಾವು ಅಲ್ಲಿ ಅತಿಥಿಗಳು, ಅವರು ಮನೆಯವರು.

ಅರಗಾ ಮೂಲದವ:

ತೋಪಿನ ಚರಿತ್ರೆಯನ್ನು ತೋಪಿನೊಳಗಷ್ಟೇ ಹುಡುಕಿದರೆ ಅರ್ಧ ಸಿಗುತ್ತದೆ. 1980ರವರೆಗೆ ಕಾರವಾರದ ಶಾಲೆ ಕಾಲೇಜುಗಳ ಮಕ್ಕಳು ವನಭೋಜನಕ್ಕೆಂದು ಹೋಗುತ್ತಿದ್ದ ದಂಡೆಗಳಲ್ಲಿ ಹೆಚ್ಚಿನವು ದಕ್ಷಿಣಕ್ಕಿದ್ದವು. ಬಿಣಗಾ, ಅರಗಾ, ಅವುಗಳಾಚೆ ಚೆಂಡಿಯಾ ತೊಡೂರಿನ ಕಡೆ. ಗುಡ್ಡದ ಎರಡು ತೋಳುಗಳ ನಡುವೆ ಅಲೆ ಕಡಿಮೆಯಿರುವ ಮರಳು, ಹಿಂದೆ ತೆಂಗಿನ ತೋಟ, ಸಿಹಿನೀರಿನ ಬಾವಿ. ಪೇಟೆಯ ದಂಡೆಗೆ ಬಂದು ಯಾರೂ ಅಡುಗೆ ಮಾಡುತ್ತಿರಲಿಲ್ಲ. ಅಲ್ಲಿ ಸಂಜೆ ತಿರುಗಾಡಲು ಹೋಗುವುದಷ್ಟೇ.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಆಮೇಲಿನ ವರ್ಷಗಳಲ್ಲಿ ನಮ್ಮ ಮನೆಗಳೂ ತೋಟಗಳೂ ಹೋದವು, ನಾವು ಪುನರ್ವಸತಿ ಕಾಲೊನಿಗಳಿಗೆ ಬಂದೆವು. 2005ರ ಮೇ 31ರಂದು ಆ ನೆಲೆಯೇ ಆದ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟು: ದಕ್ಷಿಣದ ದಂಡೆಗಳು ಬೇಲಿಯೊಳಗೆ ಸೇರಿದವು, ಅಂಜುದೀವ್ ದ್ವೀಪದ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗಿ ಬರುತ್ತಿದ್ದ ಪರಿಪಾಠವೂ ಮೊದಲಿನಂತೆ ಉಳಿಯಲಿಲ್ಲ. ಬಂದರಿನ ಬದಿಯ ಬೈತಖೋಲದಿಂದ ಕೋಡಿಬಾಗದವರೆಗಿನ ಒಂದೇ ಪಟ್ಟಿ ಇಡೀ ಊರಿನ ಪಾಲಿಗೆ ಉಳಿಯಿತು. ನಿಮ್ಮ ಕಾಲೇಜಿನ ಹಿಂದಿನ ತೋಪು ‘ಕ್ಯಾಂಪಸ್ಸಿನ ಪಿಕ್ನಿಕ್ ಜಾಗ’ ಎಂಬ ಹೆಸರು ಪಡೆದದ್ದು ಆ ಮೇಲೆಯೇ. ಅದು ಬೇರೆ ಜಾಗಗಳು ಮುಚ್ಚಿದ್ದರಿಂದ ಬಂದ ಹೆಸರು.

ಕಡವಾಡ ಸಾಲು:

ಅರಗಾದ ಅಣ್ಣನ ನೋವು ಅರ್ಥವಾಗುತ್ತದೆ. ಆದರೆ ಸ್ಮರಣ ಸಂಚಿಕೆಯಲ್ಲಿ ನಿರಾಶ್ರಿತರ ವಿಷಯ ತಂದರೆ ಲೇಖನ ಬೇರೆಲ್ಲಿಗೋ ಹೋಗುತ್ತದೆ. ಕೇಳಿದ್ದು ಒಂದು ತೋಪಿನ ಬಗ್ಗೆ.

ನಿವೃತ್ತ ಮಾಸ್ತರ್:

ಬೇರೆಲ್ಲಿಗೂ ಹೋಗುವುದಿಲ್ಲ. 1868ರ ಸೌದೆಯ ತೋಪು ವನಭೋಜನದ ತೋಪಾಗಿ ಬದಲಾದದ್ದು ಏಕೆ ಎಂಬುದೇ ಈ ಚರಿತ್ರೆಯ ತಿರುಳು. ಅದಕ್ಕೆ ಸದಾಶಿವಗಡದ ತಂಗಿ ಒಂದು ಕಾರಣ ಕೊಟ್ಟರು, ಅರಗಾದವರು ಅದಕ್ಕಿಂತ ದೊಡ್ಡ ಕಾರಣ ಕೊಟ್ಟಿದ್ದಾರೆ. ಮೂರನೆಯದನ್ನು ನಾನು ಸೇರಿಸುತ್ತೇನೆ. ಪೇಟೆಯ ಎದುರಿನ ದಂಡೆಯಲ್ಲಿ ಈಗ ಟಾಗೋರರ ಹೆಸರಿದೆ, ಮಯೂರವರ್ಮ ವೇದಿಕೆಯಿದೆ, ಚಪಲ್ ಯುದ್ಧನೌಕೆಯ ಸಂಗ್ರಹಾಲಯವಿದೆ, ರಾಕ್ ಗಾರ್ಡನ್ ಇದೆ, ಟುಪೊಲೆವ್ ವಿಮಾನವೂ ಬಂದು ನಿಂತಿದೆ. ನೋಡಲು ಬರುವವರಿಗೆ ಅವೆಲ್ಲ ಒಳ್ಳೆಯವೇ. ಆದರೆ ಚಾಪೆ ಹಾಸಿ ಕುಳಿತು ಉಣ್ಣುವ ಜಾಗ ಅಲ್ಲಿ ಕಡಿಮೆಯಾದಷ್ಟೂ ಜನ ಉತ್ತರಕ್ಕೆ, ಕೋಡಿಬಾಗದ ಕಡೆಗೆ ಸರಿದರು. ಊರಿಗೂ ಕಡಲಿಗೂ ನಡುವೆ ಹಾದುಹೋಗುವ ಹೆದ್ದಾರಿ ಅಗಲವಾದ ಮೇಲಂತೂ ಮಕ್ಕಳನ್ನು ಕೈಹಿಡಿದು ದಂಡೆಗೆ ದಾಟಿಸುವುದೇ ಒಂದು ಸಾಹಸ.

ಶಿರಸಿ ಅರಣ್ಯ ಕಾಲೇಜಿನವ:

ನಾನು ಕಲಿತದ್ದು ಘಟ್ಟದ ಮೇಲೆ, ಬನವಾಸಿ ರಸ್ತೆಯ ಅರಣ್ಯ ಮಹಾವಿದ್ಯಾಲಯದಲ್ಲಿ. ಅದು ಆರಂಭವಾದದ್ದು 1985ರಲ್ಲಿ. ಅಲ್ಲಿ ವನಭೋಜನವೆಂದರೆ ಸಂಪ್ರದಾಯದಂತೆ ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ. ನಿಮ್ಮ ತೋಪಿನ ಬಗ್ಗೆ ಸಸ್ಯಶಾಸ್ತ್ರದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬಹುದೆನಿಸಿತು.

ಬರಿಯ ಮರಳಿನಲ್ಲಿ ಗಾಳಿಮರ ಬದುಕುವುದಕ್ಕೆ ಕಾರಣ ಅದರ ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ. ನಾವು ಸೂಜಿಎಲೆ ಎನ್ನುವುದು ಎಲೆಯೇ ಅಲ್ಲ, ಗಿಣ್ಣುಗಿಣ್ಣಾದ ಹಸಿರು ಕಡ್ಡಿ. ನಿಜವಾದ ಎಲೆಗಳು ಆ ಗಿಣ್ಣುಗಳಲ್ಲಿ ಹಲ್ಲಿನಂತೆ ಕಾಣುವ ಸಣ್ಣ ಪೊರೆಗಳು. ಉದುರಿದ ಕಡ್ಡಿಗಳು ನಿಧಾನವಾಗಿ ಕೊಳೆಯುವುದರಿಂದ ನೆಲದ ಮೇಲೆ ದಪ್ಪ ಹಾಸು ಕಟ್ಟಿಕೊಂಡು ಕೆಳಗೆ ಬೇರೆ ಗಿಡ ಮೇಲೇಳುವುದು ಕಷ್ಟ. ತೋಪಿನ ನೆಲ ಗುಡಿಸಿಟ್ಟಂತೆ ಚೊಕ್ಕಟವಾಗಿ ಕಾಣುವುದು, ಹಾಗಾಗಿಯೇ ಊಟಕ್ಕೆ ಕೂರಲು ಹಿತವೆನಿಸುವುದು ಈ ಕಾರಣಕ್ಕೆ. ವನಭೋಜನಕ್ಕೆ ಅನುಕೂಲವಾದ ಗುಣವೇ ದಂಡೆಗೆ ಅನನುಕೂಲ. ಗಾಳಿಮರ ಬರುವ ಮೊದಲು ಇಂಥ ಮರಳುದಿಬ್ಬಗಳನ್ನು ಹಿಡಿದಿಡುತ್ತಿದ್ದವು ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು, ಅವುಗಳ ಹಿಂದೆ ಮುಂಡುಗ, ಅದರ ಹಿಂದೆ ಹೊನ್ನೆ ಮತ್ತು ಹೊಂಗೆ. ಬಳ್ಳಿ ಮತ್ತು ಹುಲ್ಲು ಮರಳಿನ ಜೊತೆಗೆ ಮೇಲೇರುತ್ತವೆ; ದಿಬ್ಬ ಬೆಳೆದಂತೆ ತಾವೂ ಬೆಳೆಯುತ್ತವೆ. ಗಾಳಿಮರ ಗಾಳಿಯನ್ನು ತಡೆಯುತ್ತದೆ, ಆದರೆ ಅಲೆ ಬುಡವನ್ನು ಕೊರೆಯತೊಡಗಿದರೆ ಮೇಲ್ಮಟ್ಟದ ಬೇರುಗಳ ಸಮೇತ ಅಂಗಾತ ಬೀಳುತ್ತದೆ. ಮಳೆಗಾಲ ಮುಗಿದ ಮೇಲೆ ಅಂಚಿನಲ್ಲಿ ಬಿದ್ದ ಮರಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ.

ಇದರ ಜೊತೆಗೆ ಹೊಳೆಯ ಲೆಕ್ಕವನ್ನೂ ಇಡಬೇಕು. ಕಾಳಿ ಜೊಯಿಡಾ ಸೀಮೆಯಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ. ದಾರಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ಹಿಡಿದು ಕದ್ರಾವರೆಗೆ ಹಲವು ಅಣೆಕಟ್ಟುಗಳಿವೆ. ಮೇಲಿನಿಂದ ಬರುವ ಮರಳು ಜಲಾಶಯಗಳಲ್ಲಿ ನಿಂತರೆ ಅಳಿವೆಯ ದಂಡೆಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ತೋಪಿನ ಅಂಚು ಕರಗುವುದಕ್ಕೆ ಅಲೆಯೊಂದನ್ನೇ ದೂರಿದರೆ ಸಾಲದು.

ನನ್ನ ಸಲಹೆ ಇಷ್ಟು: ಬಿದ್ದ ಗಾಳಿಮರದ ಜಾಗದಲ್ಲಿ ಮತ್ತೆ ಗಾಳಿಮರವನ್ನೇ ನೆಡುವ ಬದಲು ಹೊನ್ನೆ, ಹೊಂಗೆ ನೆಟ್ಟು, ಕಡಲ ಕಡೆಯ ಅಂಚನ್ನು ಅಡುಂಬಿಗೆ ಬಿಡಬೇಕು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಮೇಲೆ ಬರುವುದಕ್ಕೂ ಬಯಲು ಮರಳು ಬೇಕು.

ಬೈತಖೋಲ್ ದೋಣಿ:

ಶಿರಸಿಯ ತಮ್ಮನ ವಿದ್ಯೆಗೆ ಗೌರವವಿದೆ. ಆದರೆ ‘ಪರದೇಶದ ಮರ, ತೆಗೆಯಬಹುದು’ ಎಂಬ ಮಾತನ್ನು ಒಮ್ಮೆ ಅಚ್ಚು ಹಾಕಿದರೆ ಅದನ್ನು ಹಿಡಿದುಕೊಂಡು ಬರುವವರು ಬೇರೆಯೇ ಇರುತ್ತಾರೆ, ಅವರಿಗೆ ಹೊನ್ನೆಯೂ ಬೇಕಿಲ್ಲ, ಅಡುಂಬೂ ಬೇಕಿಲ್ಲ, ಜಾಗ ಬೇಕು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆಂದು ಟಾಗೋರ್ ದಂಡೆಯಲ್ಲಿ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದದ್ದು, ಊರು ಬಂದ್ ಆದದ್ದು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಆಗ ನಮ್ಮ ವಾದ ಸರಳವಾಗಿತ್ತು: ದಕ್ಷಿಣದ ದಂಡೆಗಳು ಹೋಗಿವೆ, ಇದೊಂದು ಉಳಿದಿದೆ. ಈ ತೋಪಿನ ವಿಷಯದಲ್ಲೂ ಅದೇ ವಾದ. ನಿಂತಿರುವ ಮರ ನಿಲ್ಲಲಿ. ಬಿದ್ದ ಕಡೆ ಏನು ನೆಡಬೇಕೆಂಬುದನ್ನು ದೋಣಿ ಎಳೆಯುವವರನ್ನೂ ಕೇಳಿ ನಿರ್ಧರಿಸಲಿ. ಹೊನ್ನೆ ದಟ್ಟವಾಗಿ ಕವಲೊಡೆಯುವ ಮರ, ದೋಣಿಯ ಹಾದಿಗೆ ಅಡ್ಡ ನೆಟ್ಟರೆ ಜಗಳವಾಗುತ್ತದೆ.

ಶಿರಸಿ ಅರಣ್ಯ ಕಾಲೇಜಿನವ:

ನಿಂತ ಮರವನ್ನು ಕಡಿಯಿರಿ ಎಂದು ನಾನು ಬರೆದಿಲ್ಲ, ಅಣ್ಣ. ದೋಣಿಯ ಹಾದಿಯ ಮಾತು ಮಾತ್ರ ನನಗೆ ಹೊಳೆದಿರಲಿಲ್ಲ. ಸಾಲುಗಳ ನಡುವೆ ದೋಣಿಗೆ ಬಯಲು ಬಿಟ್ಟು ನೆಡುವುದು ಕಷ್ಟವೇನಲ್ಲ.

ಸದಾಶಿವಗಡದವಳು:

ತೋಪಿನ ಉತ್ತರದ ತುದಿಯಲ್ಲಿ, ಅಳಿವೆಯ ಒಳಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಇದೆ. ಇಳಿತದ ಹೊತ್ತಿಗೆ ಹೆಂಗಸರು ಬಳಚು (ಚಿಪ್ಪುಮೀನು) ಆರಿಸುವ ಜಾಗವೂ ಅದೇ ಹೊಳೆಯದು. ಸಂಚಿಕೆಯಲ್ಲಿ ‘ಸುತ್ತಮುತ್ತ’ ಎಂದು ಬರೆಯುವಾಗ ಬರಿಯ ಕಡಲಿನ ಬದಿಯನ್ನಷ್ಟೇ ಹಿಡಿಯಬೇಡಿ. ಕೋಡಿಬಾಗದಲ್ಲಿಯೇ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದ ವಿದ್ಯಾರ್ಥಿಗಳಿಗೆ ಇದೇ ಅಳಿವೆ ಪ್ರಯೋಗಶಾಲೆ; ನಮಗೆ ಊಟದ ಜಾಗವಾದ ಮರಳಿನ ಮೇಲೆ ಅವರು ಏಡಿ, ಚಿಪ್ಪುಗಳ ಲೆಕ್ಕ ಬರೆಯುತ್ತಾರೆ. ಹಾಗೆಯೇ, ನಮ್ಮ ಫೆರಿಯನ್ನು ನಿಲ್ಲಿಸಿದ ಆ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತೆಂಬುದನ್ನೂ, ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದ್ದನ್ನೂ ಒಂದು ಸಾಲಿನಲ್ಲಿ ದಾಖಲಿಸಿ.

ಕೋಡಿಬಾಗದವ:

ಎಲ್ಲರಿಗೂ ಧನ್ಯವಾದ. ಅರಗಾದವರ ಬರಹವನ್ನು ಅವರ ಒಪ್ಪಿಗೆಯಿದ್ದರೆ ಹಾಗೆಯೇ ಪ್ರತ್ಯೇಕ ಪುಟವಾಗಿ ಹಾಕುತ್ತೇನೆ, ಕತ್ತರಿಸುವುದಿಲ್ಲ. ‘ಟಾಗೋರರ ಮರಗಳು’ ಎಂಬ ಶೀರ್ಷಿಕೆಯ ಲೇಖನವನ್ನು ಬರೆದವರಿಗೆ ಶೀರ್ಷಿಕೆ ಬದಲಿಸಲು ತಿಳಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಹಲವರು ‘ಕಾಲೇಜಿನ ತೋಪು’ ಎಂದೇ ಬರೆದಿದ್ದಾರೆ. ಹಾಗೆ ಬರೆಯಬಹುದೇ?

ಅರಗಾ ಮೂಲದವ:

ಒಪ್ಪಿಗೆಯಿದೆ. ಊರುಗಳ ಹೆಸರುಗಳ ಕಾಗುಣಿತವನ್ನು ಅಚ್ಚಿಗೆ ಮುಂಚೆ ನನಗೊಮ್ಮೆ ತೋರಿಸಿ.

ನಿವೃತ್ತ ಮಾಸ್ತರ್:

ಅಭ್ಯಾಸದಿಂದ ಬಂದ ಹೆಸರಿಗೂ ಒಡೆತನಕ್ಕೂ ಸಂಬಂಧವಿಲ್ಲ. ಕಾಲೇಜಿನ ಬೇಲಿ ಎಲ್ಲಿ ಮುಗಿಯುತ್ತದೆ, ತೋಪು ಅರಣ್ಯ ಇಲಾಖೆಯದೋ ಕಂದಾಯದ್ದೋ ಎಂಬುದನ್ನು ನೆನಪಿನಿಂದ ಬರೆಯಬೇಡಿ. ಸರ್ವೇ ನಂಬರ್ ಹಿಡಿದು ಪಹಣಿ ತೆಗೆಸಿ 9ನೆಯ ಕಾಲಮ್ಮಿನಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ಯಾವ ಹಕ್ಕು ಋಣ ನಮೂದಾಗಿದೆ ಎಂಬುದನ್ನು ನೋಡಿ. ಮಾಲಕಿಯ ಕಾಲಮ್ಮಿನಲ್ಲಿ ಸರಕಾರ ಎಂದಿದ್ದರೆ ‘ಕಾಲೇಜಿನ ಹಿಂದಿನ ತೋಪು’ ಎಂದು ಬರೆಯಿರಿ, ‘ಕಾಲೇಜಿನ ತೋಪು’ ಎಂದಲ್ಲ. ಮೀನುಗಾರರು ದೋಣಿ ನಿಲ್ಲಿಸುವ ಜಾಗದ ನಕ್ಷೆಯೂ ಸಿಕ್ಕರೆ ಒಳ್ಳೆಯದು, ಬೈತಖೋಲಿನವರು ಆ ಬಗ್ಗೆ ಸಹಾಯ ಮಾಡಬಲ್ಲರು.

ಬೈತಖೋಲ್ ದೋಣಿ:

ನಕ್ಷೆ ನಮ್ಮ ಕಡೆಯವರ ಬಳಿ ಇದೆ. 2020ರಲ್ಲಿ ನ್ಯಾಯಾಲಯದ ಕೆಲಸಕ್ಕೆಂದು ಮಾಡಿಸಿದ್ದು. ಭಾನುವಾರ ಬಲೆ ಕೆಲಸ ಇರುವುದಿಲ್ಲ, ಬೆಳಿಗ್ಗೆ ಬನ್ನಿ.